ಗೋಲ್ ಬಿತ್ತಾ? ಹತ್ತು ಸೆಕೆಂಡ್ ಹಿಂದಕ್ಕೆ ಹೋಗಿ ನೋಡಿ

2023ರ ಸೆಪ್ಟೆಂಬರ್ 21, ಕೊಚ್ಚಿ. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫುಟ್‌ಬಾಲಿನ ಹತ್ತನೇ ಸೀಸನ್ನಿನ ಮೊದಲ ಪಂದ್ಯ, ಕೇರಳ ಬ್ಲಾಸ್ಟರ್ಸ್ ಎದುರು ನಮ್ಮ ಬೆಂಗಳೂರು ಎಫ್‌ಸಿ (ಬಿಎಫ್‌ಸಿ). 52ನೇ ನಿಮಿಷದಲ್ಲಿ ಬಂದ ಕಾರ್ನರ್ ನಮ್ಮದೇ ಡಿಫೆಂಡರ್ ಕೆಜಿಯಾ ವೀಂಡಾರ್ಪ್ ತಲೆಗೆ ತಾಗಿ ನಮ್ಮದೇ ಬಲೆಗೆ ಹೋಯಿತು. 69ನೇ ನಿಮಿಷದಲ್ಲಿ ಅದಕ್ಕಿಂತ ಕೆಟ್ಟದ್ದು ನಡೆಯಿತು. ಚೆಂಡು ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಕಾಲಲ್ಲಿತ್ತು. ಎತ್ತಿ ಹೊಡೆಯಲು ಸಮಯವೂ ಇತ್ತು, ಜಾಗವೂ ಇತ್ತು. ಅವರು ಒಂದು ಟಚ್ ಹೆಚ್ಚಿಗೆ ತೆಗೆದುಕೊಂಡರು. ಅಡ್ರಿಯಾನ್ ಲೂನಾ ಓಡಿಬಂದು ಕಾಲು ಚಾಚಿ ಕಿತ್ತುಕೊಂಡು ಖಾಲಿ ಗೋಲಿಗೆ ತಳ್ಳಿಬಿಟ್ಟರು. ಕೊನೆಯಲ್ಲಿ ಕರ್ಟಿಸ್ ಮೇನ್ ಒಂದು ಗೋಲ್ ತೀರಿಸಿದರೂ ಪಂದ್ಯ 2-1ಕ್ಕೆ ಹೋಯಿತು.

ಆಮೇಲಿನ ಕೆಲವು ದಿನ ಗುರ್‌ಪ್ರೀತ್ ಮೇಲೆ ಬಿದ್ದ ಬೈಗುಳಕ್ಕೆ ಲೆಕ್ಕವಿಲ್ಲ. ಅದೇ ವರ್ಷ ಮಾರ್ಚ್ 12ರಂದು ಕಂಠೀರವದಲ್ಲಿ, ಮುಂಬೈ ಸಿಟಿ ಎದುರಿನ ಎರಡು ಪಂದ್ಯಗಳ ಸೆಮಿಫೈನಲ್‌ನ ಎರಡನೇ ಪಂದ್ಯದಲ್ಲಿ (ಲೆಗ್), ಗ್ರೆಗ್ ಸ್ಟುವರ್ಟ್ ಪೆನಾಲ್ಟಿ ತಡೆದದ್ದು ಇದೇ ಮನುಷ್ಯ. ಆ ಪಂದ್ಯ ಶೂಟೌಟ್‌ಗೆ ಹೋಗಿ 9-8ರಲ್ಲಿ ಮುಗಿದಾಗ ಕೊನೆಯ ಹೊಡೆತ ತಡೆದದ್ದೂ ಇವರೇ. ಆರು ತಿಂಗಳಲ್ಲಿ ದೇವರು ದಂಡಪಿಂಡವಾದ.

ಅಭಿಮಾನಿಯ ಸಿಟ್ಟು ಸುಳ್ಳಲ್ಲ. ಟಿಕೆಟ್ ದುಡ್ಡು ಕೊಟ್ಟು, ಮೆಟ್ರೋ ಹಿಡಿದು, ಗಂಟಲು ಹರಿಯುವಷ್ಟು ಕೂಗಿದವರಿಗೆ ಬೈಯುವ ಹಕ್ಕು ಇದ್ದೇ ಇದೆ. ಆದರೆ ಬೈಗುಳ ಹೆಚ್ಚಿನ ಸಲ ತಪ್ಪು ವಿಳಾಸಕ್ಕೆ ಹೋಗುತ್ತದೆ. ಕ್ಯಾಮೆರಾ ತೋರಿಸುವುದು ಚೆಂಡು ಕೊನೆಗೆ ಯಾರ ಕಾಲಿಂದ ಜಾರಿತು ಎನ್ನುವುದನ್ನು. ತಪ್ಪು ಹುಟ್ಟಿರುವುದು ಅದಕ್ಕೂ ಹತ್ತು ಸೆಕೆಂಡ್ ಮೊದಲು, ಎರಡು ಪಾಸ್ ಹಿಂದೆ. ಒಮ್ಮೊಮ್ಮೆ ಮೂರು ತಿಂಗಳು ಹಿಂದೆ, ಆಟಗಾರರನ್ನು ಕೊಳ್ಳುವ ಮಾರುವ ಕಾಲದಲ್ಲಿ. ಬಿಎಫ್‌ಸಿಯನ್ನು ಕಾಡಿದ ಗೋಲುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರೆ ಇದು ಗೊತ್ತಾಗುತ್ತದೆ.

ಮೊದಲು ಬ್ಯಾಕ್‌ಪಾಸ್. ಸಹ ಆಟಗಾರ ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ ಎಂಬ ನಿಯಮ 1992ರಿಂದ ಇದೆ. 2019ರಲ್ಲಿ ಇನ್ನೊಂದು ಬದಲಾವಣೆ ಬಂತು: ಗೋಲ್‌ಕಿಕ್ ಹೊಡೆದಾಗ ಚೆಂಡು ಪೆನಾಲ್ಟಿ ಬಾಕ್ಸ್ ದಾಟಬೇಕಾಗಿಲ್ಲ, ಒಳಗೇ ನಿಂತ ಡಿಫೆಂಡರ್ ತೆಗೆದುಕೊಳ್ಳಬಹುದು. ಅಲ್ಲಿಂದ ಇನ್ನಷ್ಟು ಕೋಚ್‌ಗಳು ಕೀಪರನ್ನು ಕಾಲಲ್ಲಿ ಆಡುವ ಹನ್ನೊಂದನೇ ಆಟಗಾರನಾಗಿ ಬಳಸಲು ಶುರುಮಾಡಿದರು. ಹಿಂದಿನಿಂದ ಕಟ್ಟಿ ಆಡುವುದು ಫ್ಯಾಷನ್ ಅಲ್ಲ, ಅದರ ಹಿಂದೆ ಲೆಕ್ಕವಿದೆ. ಎದುರಾಳಿಯ ಇಬ್ಬರು ಮುಂದೆ ಬಂದು ಒತ್ತಿದರೆ, ಅವರ ಬೆನ್ನ ಹಿಂದೆ ಇಬ್ಬರಷ್ಟು ಜಾಗ ಖಾಲಿಯಾಗುತ್ತದೆ.

ಲೆಕ್ಕ ತಪ್ಪುವುದು ಎಲ್ಲಿ? ಜೋರಾಗಿ ಓಡುವ ಫಾರ್ವರ್ಡ್ ಸೆಕೆಂಡಿಗೆ ಸುಮಾರು ಏಳು ಮೀಟರ್ ದಾಟುತ್ತಾನೆ. ಚೆಂಡು ಕೀಪರ್ ಕಾಲಿಗೆ ತಲುಪಿದಾಗ ಅವನು 14 ಮೀಟರ್ ದೂರದಲ್ಲಿದ್ದರೆ ಕೀಪರ್‌ಗೆ ಸಿಗುವುದು ಎರಡೇ ಸೆಕೆಂಡ್. ಒಂದು ಟಚ್‌ನಲ್ಲಿ ಹತೋಟಿಗೆ ತೆಗೆದುಕೊಳ್ಳಬೇಕು, ಎರಡನೆಯದರಲ್ಲಿ ಕಳಿಸಬೇಕು. ಮೂರನೆಯದಕ್ಕೆ ಜಾಗವೇ ಇಲ್ಲ. ಕೊಚ್ಚಿಯಲ್ಲಿ ಹೋದದ್ದು ಇದೇ ಹೆಚ್ಚುವರಿ ಟಚ್.

ಕೀಪರ್ ಯಾಕೆ ಮೂರನೇ ಟಚ್ ತೆಗೆದುಕೊಳ್ಳುತ್ತಾನೆ? ಮುಂದೆ ಕೊಡಲು ಯಾರೂ ಕಾಣಿಸದಿದ್ದಾಗ. ಎರಡೂ ಕಡೆಯ ಸೆಂಟರ್‌ಬ್ಯಾಕ್‌ಗಳು (ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್‌ಗಳು) ಬಾಕ್ಸಿನ ಅಂಚಿಗೆ ಅಗಲವಾಗಿ ಸರಿಯಬೇಕು, ಮಧ್ಯದ ಆಟಗಾರ ಫಾರ್ವರ್ಡ್‌ನ ನೆರಳಿಂದ ಹೊರಗೆ ಬರಬೇಕು. ಇವರಲ್ಲಿ ಒಬ್ಬ ತಡಮಾಡಿದರೂ ಕೀಪರ್ ಕಾಯುತ್ತಾ ನಿಲ್ಲುತ್ತಾನೆ. ಒಳ್ಳೆಯ ಫಾರ್ವರ್ಡ್ ನೇರವಾಗಿ ಓಡಿಬರುವುದೂ ಇಲ್ಲ, ಬಿಲ್ಲಿನ ಹಾಗೆ ಬಾಗಿ ಓಡುತ್ತಾನೆ. ಹಾಗೆ ಓಡಿದರೆ ಒಂದು ಕಡೆಯ ಡಿಫೆಂಡರ್ ಅವನ ಮೈ ಹಿಂದೆ ಮರೆಯಾಗುತ್ತಾನೆ, ಕೀಪರ್‌ಗೆ ಉಳಿಯುವುದು ಒಂದೇ ದಾರಿ.

ಪಾಸ್ ಕೊಟ್ಟವನ ಪಾಲೂ ಸಣ್ಣದಲ್ಲ. ಕೀಪರ್‌ಗೆ ಹಿಂದಕ್ಕೆ ಕೊಡುವಾಗ ಎರಡು ಕಂಬಗಳ ನಡುವಿಗೆ ಕೊಡಬಾರದು, ಕಂಬದ ಹೊರಗಿನ ಗೆರೆಗೆ ಕೊಡಬೇಕು ಎನ್ನುವುದು ಅಂಡರ್-13 ಮಕ್ಕಳಿಗೆ ಹೇಳಿಕೊಡುವ ಪಾಠ. ಕೀಪರ್ ಕಾಲು ತಪ್ಪಿದರೂ ಚೆಂಡು ಕಾರ್ನರ್‌ಗೆ ಹೋಗಲಿ, ಗೋಲಿಗೆ ಹೋಗದಿರಲಿ ಎಂದು. ಪಾಸ್ ಮೆತ್ತಗಿದ್ದರೆ ಫಾರ್ವರ್ಡ್‌ಗೆ ಸಮಯ ಸಿಗುತ್ತದೆ, ಪುಟಿಯುತ್ತಾ ಬಂದರೆ ಕೀಪರ್‌ನ ಮೊದಲ ಟಚ್ ಅದನ್ನು ಪಳಗಿಸಲಿಕ್ಕೇ ಸರಿಹೋಗುತ್ತದೆ. ಇನ್ನು ಕೀಪರ್ ಬದಿಗೆ ತಿರುಗಿ, ಮೈ ತೆರೆದು, ದೂರದ ಕಾಲಿನಲ್ಲಿ ಚೆಂಡು ತೆಗೆದುಕೊಂಡರೆ ಎರಡೂ ಕಡೆ ಕಾಣುತ್ತದೆ. ನೇರವಾಗಿ ಎದೆ ಕೊಟ್ಟು ನಿಂತರೆ ಬಂದ ದಾರಿಯೊಂದೇ ಕಾಣುವುದು.

ಇಷ್ಟೆಲ್ಲಾ ಹೇಳಿದ ಮೇಲೂ ಆ ಗೋಲಿನ ಪೂರ್ತಿ ಹೊಣೆ ಕೀಪರ್‌ದು ಅಲ್ಲ ಎಂದು ನಾನು ವಾದಿಸಲಾರೆ. ದಾರಿ ಕಾಣದಿದ್ದರೆ ಹೊಡಿ ಹೊರಗೆ, ಅಷ್ಟೇ. ಥ್ರೋ ಇನ್ ಆಗಲಿ, ಪ್ರೇಕ್ಷಕರು ಗೊಣಗಲಿ. ನಮ್ಮಲ್ಲಿ ಇನ್ನೊಂದು ರೋಗವೂ ಇದೆ, ಹೇಳಿಬಿಡುತ್ತೇನೆ: ಕೀಪರ್ ಎತ್ತಿ ಹೊಡೆದರೆ "ಆಡೋಕೆ ಬರಲ್ಲ" ಅಂತೀವಿ, ಕಾಲಲ್ಲಿ ಇಟ್ಟುಕೊಂಡರೆ "ಎತ್ತಿ ಹೊಡಿಯೋ" ಅಂತೀವಿ.

ಈಗ ಕೊಚ್ಚಿ ಪಂದ್ಯಕ್ಕೆ ಮೊದಲಿನ, 2023ರ ಬೇಸಿಗೆಗೆ ಹೋಗಿ. 2022-23ರಲ್ಲಿ ಕೋಚ್ ಸೈಮನ್ ಗ್ರೇಸನ್ ಕೈಕೆಳಗೆ ತಂಡ ಮೊದಲರ್ಧ ಸೋತು ಸುಣ್ಣವಾಗಿ, ಕೊನೆಯಲ್ಲಿ ಸಾಲು ಸಾಲು ಗೆದ್ದು ಫೈನಲ್ ಮುಟ್ಟಿತ್ತು. ಹಿಂದೆ ಮೂವರನ್ನು ನಿಲ್ಲಿಸಿ, ಎರಡು ಬದಿಗೆ ಹಿಂದೆ ಮುಂದೆ ಓಡುವ ವಿಂಗ್‌ಬ್ಯಾಕ್ ಇಟ್ಟು ಆಡುವ ಪದ್ಧತಿ ಅದು. ಸೀಸನ್ ಮುಗಿದ ಮೇಲೆ ಸಂದೇಶ್ ಝಿಂಗಾನ್ ಎಫ್‌ಸಿ ಗೋವಾಕ್ಕೆ ಹೋದರು. ಅಲನ್ ಕೋಸ್ಟಾ ಹೋದರು, ಬ್ರೂನೋ ರಮಿರೆಸ್ ಹೋದರು. ವಿಂಗ್‌ಬ್ಯಾಕ್ ಪ್ರಬೀರ್ ದಾಸ್ ಬ್ಲಾಸ್ಟರ್ಸ್ ಸೇರಿದರು. ಮುಂದೆ ರಾಯ್ ಕೃಷ್ಣ ಒಡಿಶಾಗೆ, ಉದಾಂತ ಗೋವಾಕ್ಕೆ. ಒಂದೇ ಬೇಸಿಗೆಯಲ್ಲಿ ಬೆನ್ನೆಲುಬೇ ಹೋಯಿತು. ಮೇಲಾಗಿ ಸುನಿಲ್ ಛೆಟ್ರಿ ಸೀಸನ್ನಿನ ಮೊದಲೆರಡು ಪಂದ್ಯಕ್ಕೆ ಇರಲಿಲ್ಲ, ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿದ್ದರು.

ಸೆಂಟರ್‌ಬ್ಯಾಕ್ ಜೋಡಿ ಅಂದರೆ ಇಬ್ಬರು ಒಳ್ಳೆಯ ಆಟಗಾರರು ಎಂದಷ್ಟೇ ಅಲ್ಲ. ಒಬ್ಬ ಚೆಂಡಿಗೆ ಏರಿದಾಗ ಇನ್ನೊಬ್ಬ ಎಷ್ಟು ಹೆಜ್ಜೆ ಹಿಂದೆ ಇಳಿಯಬೇಕು, ಕೀಪರ್ "ನಂದು" ಎಂದು ಕೂಗಿದರೆ ಯಾರು ಬಗ್ಗಬೇಕು, ಆಫ್‌ಸೈಡ್ ಗೆರೆ (ಇದನ್ನು ದಾಟಿ ಗೋಲಿನ ಕಡೆ ನಿಂತ ಎದುರಾಳಿ ಪಾಸ್ ತೆಗೆದುಕೊಳ್ಳುವಂತಿಲ್ಲ) ಎತ್ತಲು ಕೈ ತೋರಿಸುವವರು ಯಾರು ಎನ್ನುವುದೆಲ್ಲ ಪಂದ್ಯ ಆಡಿ ಆಡಿಯೇ ಕೂರಬೇಕು. ಐಎಸ್‌ಎಲ್‌ನಲ್ಲಿ ಮೈದಾನದಲ್ಲಿ ಒಮ್ಮೆಗೆ ನಾಲ್ಕೇ ವಿದೇಶಿಯರು ಇರಬಹುದು. ಆ ನಾಲ್ಕರಲ್ಲಿ ಹಿಂದೆ ಎಷ್ಟು, ಮುಂದೆ ಎಷ್ಟು ಎನ್ನುವುದು ಪ್ರತಿ ಕ್ಲಬ್‌ನ ತಲೆನೋವು. ಭಾರತೀಯ ಸೆಂಟರ್‌ಬ್ಯಾಕ್ ಗಟ್ಟಿ ಇದ್ದರೆ ವಿದೇಶಿ ಜಾಗವನ್ನು ಮುಂದಕ್ಕೆ ಬಳಸಬಹುದು. ಝಿಂಗಾನ್ ಹೋದಾಗ ತಪ್ಪಿದ್ದು ಒಬ್ಬ ಆಟಗಾರ ಮಾತ್ರ ಅಲ್ಲ, ಆ ಅನುಕೂಲವೂ.

ಫಲಿತಾಂಶ ಎಲ್ಲರಿಗೂ ಗೊತ್ತು. ಕೊಚ್ಚಿಯ ನಂತರದ ಪಂದ್ಯ ಕೋಲ್ಕತ್ತದಲ್ಲಿ ಮೋಹನ್ ಬಗಾನ್ ಎದುರು. ಸುರೇಶ್ ಸಿಂಗ್ ವಾಂಗ್ಜಾಮ್, ರೋಷನ್ ಸಿಂಗ್ ಇಬ್ಬರೂ ಕೆಂಪು ಕಾರ್ಡ್ ಕಂಡು ಒಂಬತ್ತೇ ಜನರಲ್ಲಿ ಪಂದ್ಯ ಮುಗಿಸಿ 1-0ಗೆ ಸೋಲು. ಡಿಸೆಂಬರ್ 8ಕ್ಕೆ ಕಂಠೀರವದಲ್ಲೇ ಮುಂಬೈ ಸಿಟಿ 4-0 ಬಾರಿಸಿತು, ಮರುದಿನವೇ ಗ್ರೇಸನ್ ಹೊರಗೆ. ಜೆರಾರ್ಡ್ ಝರಗೋಝಾ ಬಂದರು. ಏಪ್ರಿಲ್‌ನಲ್ಲಿ ಮೋಹನ್ ಬಗಾನ್ ಅದೇ ಕಂಠೀರವಕ್ಕೆ ಬಂದು ಇನ್ನೊಂದು 4-0 ಕೊಟ್ಟುಹೋಯಿತು. 22 ಪಂದ್ಯ, 5 ಗೆಲುವು, 7 ಡ್ರಾ, 10 ಸೋಲು, 22 ಅಂಕ, ಹನ್ನೆರಡು ತಂಡಗಳಲ್ಲಿ ಹತ್ತನೇ ಸ್ಥಾನ. 2013ರಲ್ಲಿ ಹುಟ್ಟಿ ಮೊದಲ ಸೀಸನ್ನಿನಲ್ಲೇ ಆಗಿನ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದ ಕ್ಲಬ್ ಇದು.

ಕೆಂಪು ಕಾರ್ಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೇ ಮಾತು: ಎರಡನೇ ಹಳದಿ ಕಾರ್ಡ್‌ನ ಫೌಲ್ ನೋಡುವ ಬದಲು ಮೊದಲನೆಯದನ್ನು ನೋಡಿ. ರೆಫರಿಗೆ ವಾದ ಹೇಳಿದ್ದಕ್ಕೋ, ಮಧ್ಯಗೆರೆಯಲ್ಲಿ ಸುಮ್ಮನೆ ಅಂಗಿ ಎಳೆದದ್ದಕ್ಕೋ ಬಂದ ಹಳದಿ ಆಗಿದ್ದರೆ ಸಿಟ್ಟು ಅಲ್ಲಿಗೆ ಸಲ್ಲಬೇಕು. ಹಳದಿ ತಿಂದ ಮಿಡ್‌ಫೀಲ್ಡರ್‌ನನ್ನು 60 ನಿಮಿಷದ ಹೊತ್ತಿಗೆ ಹೊರಗೆ ಕರೆಯದ ಕೋಚ್‌ಗೂ ಅದರಲ್ಲಿ ಪಾಲುಂಟು. ಐದು ಬದಲಿಗೆ ಅವಕಾಶ ಇರುವ ಕಾಲ ಇದು.

ಕಾರ್ನರ್‌ಗೆ ಬರೋಣ. ಬಿಎಫ್‌ಸಿಯ ಚರಿತ್ರೆಯ ಅರ್ಧ ಕಣ್ಣೀರು ಇಲ್ಲಿದೆ.

2017-18 ನಮ್ಮ ಮೊದಲ ಐಎಸ್‌ಎಲ್ ಸೀಸನ್. ಆಲ್ಬರ್ಟ್ ರೋಕಾ ಕೋಚ್. 18 ಪಂದ್ಯಗಳಲ್ಲಿ 40 ಅಂಕ, ಎರಡನೇ ಸ್ಥಾನದ ಚೆನ್ನೈಯಿನ್‌ಗಿಂತ ಎಂಟು ಅಂಕ ಮೇಲೆ. ಮಾರ್ಚ್ 17ರಂದು ಅದೇ ಚೆನ್ನೈಯಿನ್ ಎದುರು ಕಂಠೀರವದಲ್ಲಿ ಫೈನಲ್. ಒಂಬತ್ತನೇ ನಿಮಿಷಕ್ಕೆ ಉದಾಂತ ಕ್ರಾಸ್, ಛೆಟ್ರಿ ಹಾರಿ ಹೆಡ್ ಮಾಡಿ 1-0. ಇಡೀ ಸ್ಟೇಡಿಯಂ ಕಪ್ ಎತ್ತಿದ ಹಾಗೆ ಕುಣಿಯಿತು. 17ನೇ ನಿಮಿಷಕ್ಕೆ ಗ್ರೆಗರಿ ನೆಲ್ಸನ್ ಕಾರ್ನರ್, ಮೈಲ್ಸನ್ ಆಲ್ವಿಸ್ ತಲೆ, 1-1. ಇನ್ನೇನು ಇಂಟರ್ವಲ್ ಅನ್ನುವಾಗ 45ನೇ ನಿಮಿಷಕ್ಕೆ ಮತ್ತದೇ ನೆಲ್ಸನ್, ಅದೇ ಕಾರ್ನರ್, ಅದೇ ಮೈಲ್ಸನ್ ತಲೆ, 1-2. ಆಮೇಲೆ ರಫಾಯೆಲ್ ಆಗುಸ್ಟೊ ಮೂರನೆಯದು ಹೊಡೆದರು, ಇಂಜುರಿ ಟೈಮಿನಲ್ಲಿ ಮಿಕು ಒಂದು ವಾಪಸ್ ಕೊಟ್ಟರು. 2-3.

ಒಂದು ಸಲ ಆದರೆ ಅದು ಎದುರಾಳಿಯ ಒಳ್ಳೆಯ ಹೆಡರ್. 28 ನಿಮಿಷದ ಅಂತರದಲ್ಲಿ ಅದೇ ಮನುಷ್ಯ ಅದೇ ರೀತಿ ಹೊಡೆದರೆ ಅದು ನಮ್ಮ ಬೆಂಚಿನ ತಪ್ಪು.

ಕಾರ್ನರ್ ತಡೆಯುವ ಪದ್ಧತಿ ಮುಖ್ಯವಾಗಿ ಎರಡು. ಒಂದರಲ್ಲಿ ಒಬ್ಬೊಬ್ಬರಿಗೆ ಒಬ್ಬೊಬ್ಬ ಎದುರಾಳಿಯನ್ನು ಒಪ್ಪಿಸುವುದು. ಇನ್ನೊಂದರಲ್ಲಿ ಜಾಗ ಕಾಯುವುದು: ಗೋಲ್ ಗೆರೆಯಿಂದ 5.5 ಮೀಟರ್ ದೂರದ ಸಣ್ಣ ಬಾಕ್ಸಿನ ಅಂಚಿನಲ್ಲಿ ನಾಲ್ಕೈದು ಜನ ಸಾಲಾಗಿ ನಿಂತು ತಮ್ಮ ತಮ್ಮ ಜಾಗಕ್ಕೆ ಬಂದ ಚೆಂಡನ್ನು ಹೊಡೆದು ಹಾಕುವುದು. ಈಗ ಬಹುತೇಕ ತಂಡಗಳು ಎರಡನ್ನೂ ಬೆರೆಸುತ್ತವೆ. ಹತ್ತಿರದ ಕಂಬಕ್ಕೆ ಒಬ್ಬ, ಸಣ್ಣ ಬಾಕ್ಸಿನ ಮೇಲೆ ನಾಲ್ಕು ಜನ, ಎದುರಾಳಿಯ ಅಪಾಯದ ತಲೆಗಳಿಗೆ ಮೂವರು, ಬಾಕ್ಸಿನ ಹೊರಗೆ ಮರಳಿ ಬರುವ ಚೆಂಡಿಗೆ ಒಬ್ಬ, ಮುಂದೆ ಒಬ್ಬ. ಕೀಪರ್ ಸೇರಿಸಿ ಲೆಕ್ಕ ಹಾಕಿ, ಹನ್ನೊಂದು ಜನ ಮುಗಿದೇ ಹೋಗುತ್ತಾರೆ. ಎಲ್ಲ ಕಡೆಗೂ ಸಾಲುವುದಿಲ್ಲ, ಎಲ್ಲಿ ಬಿಡಬೇಕು ಎಂಬುದೇ ತೀರ್ಮಾನ.

ಜಾಗ ಕಾಯುವ ಪದ್ಧತಿಯ ದೌರ್ಬಲ್ಯ ಎಲ್ಲರಿಗೂ ಗೊತ್ತಿರುವುದೇ. ನಿಂತಲ್ಲಿಂದ ಹಾರುವವನಿಗಿಂತ ಐದಾರು ಹೆಜ್ಜೆ ಓಡಿಬಂದು ಹಾರುವವನು ಎತ್ತರಕ್ಕೆ ಹೋಗುತ್ತಾನೆ. ಅದಕ್ಕೇ ಅವನ ಓಟವನ್ನು ಮುರಿಯಲು ಒಬ್ಬ ಅಡ್ಡ ಇರಬೇಕು. ಆಳಿಗೆ ಆಳು ಪದ್ಧತಿಯ ದೌರ್ಬಲ್ಯ ಬೇರೆ: ಎದುರಾಳಿಯ ಇನ್ನೊಬ್ಬ ಬಂದು ನಮ್ಮ ಡಿಫೆಂಡರ್ ದಾರಿಗೆ ಅಡ್ಡ ನಿಂತರೆ ಸಾಕು, ಅವನ ಆಳು ತಪ್ಪಿಸಿಕೊಂಡ. ಟಿವಿಯಲ್ಲಿ ನೋಡುವಾಗ ಡಿಫೆಂಡರ್‌ನ ಕಣ್ಣು ನೋಡಿ. ಚೆಂಡನ್ನೇ ದಿಟ್ಟಿಸುತ್ತಾ ನಿಂತಿದ್ದರೆ ಆಳು ಬೆನ್ನ ಹಿಂದೆ ಜಾರಿರುತ್ತಾನೆ. ಆಳಿನ ಸೊಂಟ ಒಂದು ಕಣ್ಣಲ್ಲಿ, ಚೆಂಡು ಇನ್ನೊಂದರಲ್ಲಿ ಇರುವಂತೆ ಬದಿಗೆ ತಿರುಗಿ ನಿಲ್ಲುವುದು ಸರಿ.

ಇನ್ನೊಂದು ಎಡವಟ್ಟು ಎಲ್ಲರ ಕಣ್ಣಿಗೂ ತಪ್ಪುತ್ತದೆ. ಮೊದಲ ಚೆಂಡನ್ನು ಹೊಡೆದು ಹಾಕಿದ ಮೇಲೆ ಇಡೀ ಸಾಲು ಐದಾರು ಮೀಟರ್ ಮುಂದಕ್ಕೆ ನುಗ್ಗಬೇಕು. ಹಾಗೆ ನುಗ್ಗಿದರೆ ಒಳಗೆ ಉಳಿದ ಎದುರಾಳಿಗಳೆಲ್ಲ ಆಫ್‌ಸೈಡ್. ಒಬ್ಬ ಡಿಫೆಂಡರ್ ಸುಸ್ತಾಗಿ ಕಂಬದ ಹತ್ತಿರವೇ ನಿಂತುಬಿಟ್ಟರೆ ಎಲ್ಲರೂ ಆನ್‌ಸೈಡ್. ಗೋಲ್ ಬಿದ್ದಾಗ ಲೈನ್ಸ್‌ಮನ್ ಕಡೆ ಕೈ ಎತ್ತಿ ಕೂಗುವ ಮೊದಲು ನಮ್ಮವರಲ್ಲಿ ಹಿಂದೆ ಯಾರು ಉಳಿದಿದ್ದಾರೆ ನೋಡುವುದು ಒಳ್ಳೆಯದು.

ಸರಾಸರಿ ಲೆಕ್ಕದಲ್ಲಿ ಮೂವತ್ತು ಮೂವತ್ತೈದು ಕಾರ್ನರ್‌ಗೆ ಒಂದು ಗೋಲ್ ಬರುವುದು. ಅದಕ್ಕೇ ತರಬೇತಿಯಲ್ಲಿ ಇದನ್ನು ಕಡೆಗಣಿಸುವುದೂ ಸುಲಭ. ಆದರೆ ಫೈನಲ್‌ಗಳು ಬಿಗಿಯಾಗಿ ನಡೆಯುತ್ತವೆ, ಅಲ್ಲಿ ಈ ಒಂದು ಗೋಲೇ ಪಂದ್ಯ. ನಮಗೆ ಅನುಕೂಲವಾಗಿಯೂ ಆಗಿದೆ. ಸರಿಯಾಗಿ ಒಂದು ವರ್ಷದ ನಂತರ, 2019ರ ಮಾರ್ಚ್ 17ಕ್ಕೆ, ಮುಂಬೈಯಲ್ಲಿ ಗೋವಾ ಎದುರಿನ ಫೈನಲ್. ಅಹ್ಮದ್ ಜಾಹೂ ಕೆಂಪು ಕಾರ್ಡ್ ಪಡೆದು ಗೋವಾ ಹತ್ತು ಜನಕ್ಕೆ ಇಳಿದಿತ್ತು. 117ನೇ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಕಾರ್ನರ್, ರಾಹುಲ್ ಭೇಕೆ ಹೆಡರ್, 1-0. ನಾಲ್ಕು ಐಎಸ್‌ಎಲ್ ಫೈನಲ್ ಆಡಿ ನಾವು ಗೆದ್ದದ್ದು ಅದೊಂದೇ. ಆವತ್ತು ಗೋವಾದ ಅಭಿಮಾನಿಗಳು ಏನೆಂದು ಬೈದಿರಬಹುದು ಎಂದು ಊಹಿಸುವುದು ಕಷ್ಟವಲ್ಲ.

ಉಳಿದ ಎರಡು ಫೈನಲ್ ಹೋದದ್ದು ಪೆನಾಲ್ಟಿ ಬಾಕ್ಸಿನೊಳಗಿನ ಕೈ ಕಾಲುಗಳಿಂದ.

2023ರ ಮಾರ್ಚ್ 18, ಗೋವಾದ ಫತೋರ್ಡಾ, ಎಟಿಕೆ ಮೋಹನ್ ಬಗಾನ್ ಎದುರು. 14ನೇ ನಿಮಿಷದಲ್ಲಿ ಕಾರ್ನರ್ ಕಾಯಲು ಹಿಂದೆ ಬಂದಿದ್ದ ರಾಯ್ ಕೃಷ್ಣ ಹಾರಿದಾಗ ಚೆಂಡು ಅವರ ಕೈಗೆ ತಾಗಿತು. ಪೆನಾಲ್ಟಿ, ದಿಮಿತ್ರಿ ಪೆಟ್ರಾಟೋಸ್, 0-1. ಛೆಟ್ರಿ ಪೆನಾಲ್ಟಿಯಲ್ಲಿ ಸಮ ಮಾಡಿದರು, 78ನೇ ನಿಮಿಷಕ್ಕೆ ಅದೇ ರಾಯ್ ಕೃಷ್ಣ ಹೆಡ್ ಮಾಡಿ 2-1 ಮಾಡಿದರು. ಕಪ್‌ಗೆ ಹತ್ತೇ ಹನ್ನೆರಡು ನಿಮಿಷ ದೂರ. 85ನೇ ನಿಮಿಷದಲ್ಲಿ ಪಾಬ್ಲೊ ಪೆರೆಸ್ ಅವರು ಕಿಯಾನ್ ನಾಸಿರಿಯನ್ನು ಕೆಡವಿದರು. ಬಾಕ್ಸಿನ ಒಳಗೋ ಹೊರಗೋ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ಐಎಸ್‌ಎಲ್‌ನಲ್ಲಿ ವಿಎಆರ್ (ವೀಡಿಯೊ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ) ಇರಲಿಲ್ಲ, ರೆಫರಿ ಕೈ ತೋರಿಸಿದ್ದೇ ತೀರ್ಪು. ಪೆಟ್ರಾಟೋಸ್ ಮತ್ತೆ ಹೊಡೆದರು, 2-2. ಶೂಟೌಟ್‌ನಲ್ಲಿ ರಮಿರೆಸ್ ಹೊಡೆದದ್ದನ್ನು ವಿಶಾಲ್ ಕೈತ್ ತಡೆದರು, ಪೆರೆಸ್ ಹೊಡೆದದ್ದು ಮೇಲೆ ಹಾರಿತು, 4-3.

ರೆಫರಿಯನ್ನು ಬೈಯುವುದರಲ್ಲಿ ಮೊದಲ ಪೆನಾಲ್ಟಿ ಮರೆತುಹೋಗುತ್ತದೆ. ನಿಯಮದ ಪ್ರಕಾರ ಕೈ ದೇಹವನ್ನು ಅಸಹಜವಾಗಿ ದೊಡ್ಡದು ಮಾಡಿದ್ದರೆ, ಬೇಕೆಂದು ಆಡಿಸದಿದ್ದರೂ ಅದು ಹ್ಯಾಂಡ್‌ಬಾಲ್. ಕಂಕುಳಿನ ಕೆಳಗಿನ ಗೆರೆಯಿಂದ ಕೈ ಶುರುವಾಗುತ್ತದೆ ಎಂದು ಲೆಕ್ಕ. ಹಾರುವಾಗ ಕೈ ಎತ್ತುವುದು ದೇಹದ ಸಹಜ ಚಲನೆ, ಕೈ ಬೀಸದೆ ಎತ್ತರಕ್ಕೆ ಹಾರಲಾಗದು. ಡಿಫೆಂಡರ್‌ಗಳು ವರ್ಷಗಟ್ಟಲೆ ಅಭ್ಯಾಸ ಮಾಡಿ ಮೊಣಕೈಯನ್ನು ಎದೆಯ ಮಟ್ಟಕ್ಕೆ ಇಳಿಸಿ ಹಾರಲು ಕಲಿತಿರುತ್ತಾರೆ. ಫಾರ್ವರ್ಡ್‌ಗೆ ಆ ಅಭ್ಯಾಸ ಕಡಿಮೆ. ಎತ್ತರ ಇದೆ ಎಂದು ಫಾರ್ವರ್ಡ್‌ನನ್ನು ಕಾರ್ನರ್ ಕಾಯಲು ಕರೆಸಿದಾಗ ಈ ಅಪಾಯವನ್ನೂ ಜೊತೆಗೇ ಕರೆಸಿದ ಹಾಗೆ. ಟ್ಯಾಕಲ್‌ನದೂ ಇದೇ ಕತೆ: ದಾಳಿಯ ಮಿಡ್‌ಫೀಲ್ಡರ್ ಹಿಂದಿನಿಂದ ಓಡಿಬಂದು ಕಾಲು ಹಾಕುತ್ತಾನೆ. ಡಿಫೆಂಡರ್ ಆಗಿದ್ದರೆ ಕಾಲು ಹಾಕದೆ ಗೋಲಿನಿಂದ ದೂರಕ್ಕೆ, ಬದಿಗೆರೆಯ ಕಡೆಗೆ ತಳ್ಳುತ್ತಾ ಹೋಗುತ್ತಿದ್ದ. ಪೆನಾಲ್ಟಿ ನಾಲ್ಕರಲ್ಲಿ ಮೂರು ಗೋಲೇ. ಬಾಕ್ಸಿನ ಮೂಲೆಯಿಂದ ಹೊಡೆದ ಕ್ರಾಸ್ ಅದರ ಹತ್ತಿರಕ್ಕೂ ಬರುವುದಿಲ್ಲ.

2024-25ರಲ್ಲಿ ತಂಡ ಎದ್ದು ನಿಂತಿತು. ಭೇಕೆ ಮರಳಿ ಬಂದರು, ಹಿಂದಿನ ಜನವರಿಯಲ್ಲೇ ಬಂದಿದ್ದ ಚಿಂಗ್ಲೆನ್‌ಸಾನಾ ಸಿಂಗ್ ಪಕ್ಕದಲ್ಲಿ ನಿಂತರು, ಮುಂದೆ ಪೆಡ್ರೊ ಕಾಪೊ ಚೆಂಡು ತೆಗೆದುಕೊಳ್ಳಲು ಸದಾ ಸಿಗುತ್ತಿದ್ದರು, ಆಲ್ಬರ್ಟೊ ನೊಗೇರಾ ಅದನ್ನು ಮುಂದಕ್ಕೆ ಒಯ್ಯುತ್ತಿದ್ದರು. ಮೊದಲ ಐದು ಪಂದ್ಯಗಳಲ್ಲಿ ಒಂದೂ ಗೋಲ್ ಬಿಡಲಿಲ್ಲ. ಗೋಲಿನಲ್ಲಿ ಇದ್ದದ್ದು ಯಾರು? ಅದೇ ಗುರ್‌ಪ್ರೀತ್. ಕೀಪರ್ ಬದಲಾಗಲಿಲ್ಲ, ಅವರ ಮುಂದೆ ನಿಂತವರು ಬದಲಾದರು. ಹಿಂದಿನ ವರ್ಷದ ಬೈಗುಳಕ್ಕೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ.

ಲೀಗ್‌ನಲ್ಲಿ ಮೂರನೇ ಸ್ಥಾನ. ಪ್ಲೇಆಫ್‌ನಲ್ಲಿ ಮುಂಬೈ ಸಿಟಿಗೆ ಕಂಠೀರವದಲ್ಲಿ 5-0, ಬಾಕಿ ತೀರಿತು. ಸೆಮಿಫೈನಲ್‌ನಲ್ಲಿ ಗೋವಾ, ಮೊದಲ ಲೆಗ್‌ನಲ್ಲಿ ನಮಗೆ ಸಿಕ್ಕ ಮೊದಲ ಗೋಲ್ ಸಂದೇಶ್ ಝಿಂಗಾನ್ ಅವರ ಓನ್‌ಗೋಲ್. ಎರಡನೇ ಲೆಗ್ ಕೊನೆಯಲ್ಲಿ ಛೆಟ್ರಿ ಹೆಡ್ ಮಾಡಿ ಒಟ್ಟು 3-2.

2025ರ ಏಪ್ರಿಲ್ 12ರ ಫೈನಲ್, ಕೋಲ್ಕತ್ತದ ಸಾಲ್ಟ್ ಲೇಕ್, ಮತ್ತೆ ಮೋಹನ್ ಬಗಾನ್. 49ನೇ ನಿಮಿಷದಲ್ಲಿ ರಯಾನ್ ವಿಲಿಯಮ್ಸ್ ಕ್ರಾಸ್ ಆಲ್ಬರ್ಟೊ ರಾಡ್ರಿಗಸ್ ಕಾಲಿಗೆ ತಾಗಿ ಅವರದೇ ಗೋಲಿಗೆ. ಓನ್‌ಗೋಲ್ ಅಂದರೆ ಪೆದ್ದುತನ ಅಂತ ನಗುತ್ತೇವೆ. ಕೀಪರ್‌ಗೂ ಹಿಂದಕ್ಕೆ ಓಡುತ್ತಿರುವ ಡಿಫೆಂಡರ್‌ಗೂ ನಡುವಿನ ಓಣಿಗೆ ಜೋರಾಗಿ ಚೆಂಡು ಹೊಕ್ಕರೆ ಅವನಿಗೆ ಎರಡೇ ದಾರಿ. ಬಿಟ್ಟರೆ ಬೆನ್ನ ಹಿಂದಿನ ಫಾರ್ವರ್ಡ್ ತಟ್ಟಿ ಹಾಕುತ್ತಾನೆ, ಮುಟ್ಟಿದರೆ ತನ್ನದೇ ಗೋಲು. ಒಳ್ಳೆಯ ಕ್ರಾಸ್‌ನ ಕೆಲಸವೇ ಆ ಇಕ್ಕಟ್ಟಿಗೆ ಸಿಕ್ಕಿಸುವುದು. ಕೊಚ್ಚಿಯಲ್ಲಿ ವೀಂಡಾರ್ಪ್‌ಗೆ ಆದದ್ದನ್ನು ಈಗ ಸ್ವಲ್ಪ ಕ್ಷಮಿಸಬಹುದು.

ಆ ಮುನ್ನಡೆ 72ನೇ ನಿಮಿಷದವರೆಗೆ ಇತ್ತು. ಬಾಕ್ಸಿನಲ್ಲಿ ಚಿಂಗ್ಲೆನ್‌ಸಾನಾ ಕೈಗೆ ಚೆಂಡು, ಪೆನಾಲ್ಟಿ, ಜೇಸನ್ ಕಮಿಂಗ್ಸ್, 1-1. ಹೆಚ್ಚುವರಿ ಅವಧಿಯ 96ನೇ ನಿಮಿಷಕ್ಕೆ ಜೇಮಿ ಮೆಕ್ಲಾರೆನ್, 2-1. ಎರಡು ಫೈನಲ್, ಒಂದೇ ಎದುರಾಳಿ, ಎರಡರಲ್ಲೂ ಮುನ್ನಡೆ ಪಡೆದು ಪೆನಾಲ್ಟಿ ಕೊಟ್ಟು ಕೈಬಿಟ್ಟೆವು.

ಮುನ್ನಡೆ ಸಿಕ್ಕ ಮೇಲೆ ತಂಡ ಹಿಂದಕ್ಕೆ ಸರಿಯುವುದೇ ಈ ಪೆನಾಲ್ಟಿಗಳ ಬೇರು. ಗೋಲಿನಿಂದ 35 ಮೀಟರ್ ಆಚೆ ನಿಂತು ಕಾಯುತ್ತಿದ್ದ ಸಾಲು 20 ಮೀಟರ್‌ಗೆ ಇಳಿದರೆ ಎದುರಾಳಿಯ ಪ್ರತಿ ಕ್ರಾಸೂ ಬಾಕ್ಸಿನೊಳಗೆ ಬೀಳುತ್ತದೆ, ಪ್ರತಿ ಟ್ಯಾಕಲ್ಲೂ ಬಾಕ್ಸಿನೊಳಗೆ ನಡೆಯುತ್ತದೆ. ಹತ್ತು ಚೆಂಡು ಬಂದರೆ ಒಂದು ಯಾರದಾದರೂ ಕೈಗೆ ತಾಗೇ ತಾಗುತ್ತದೆ. ಬೈಯಬೇಕಾದ್ದು ಆ ಕೈಯನ್ನಲ್ಲ, ಆ ಹದಿನೈದು ಮೀಟರ್ ಬಿಟ್ಟುಕೊಟ್ಟದ್ದನ್ನು. ಅದು ಕೋಚ್ ಹೇಳಿದ್ದೋ, ಕಾಲು ಸೋತು ತಾನಾಗಿ ಆದದ್ದೋ ತಿಳಿಯಲು ಫಾರ್ವರ್ಡ್‌ಗಳನ್ನು ನೋಡಿ. ಅವರು ಇನ್ನೂ ಮುಂದೆಯೇ ಒತ್ತುತ್ತಿದ್ದು ಹಿಂದಿನ ಸಾಲು ಮಾತ್ರ ಇಳಿದಿದ್ದರೆ ಹೊಂದಾಣಿಕೆ ತಪ್ಪಿದೆ. ನಡುವೆ ನಲವತ್ತು ಮೀಟರ್ ಬಯಲು ಬಿದ್ದಿರುತ್ತದೆ, ಎದುರಾಳಿಯ ಮಿಡ್‌ಫೀಲ್ಡರ್ ಅಲ್ಲಿ ಆರಾಮಾಗಿ ತಲೆ ಎತ್ತಿ ನೋಡುತ್ತಾನೆ.

ಎದುರಾಳಿಯ ಮೈಮರೆವು ನಮಗೆ ಗೋಲಾದದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ. 2023ರ ಮಾರ್ಚ್ 3ರ ಪ್ಲೇಆಫ್‌ನಲ್ಲಿ ಬ್ಲಾಸ್ಟರ್ಸ್ ಆಟಗಾರರು ಸಾಲಾಗಿ ನಿಂತು ಗೋಡೆ ಕಟ್ಟುವ ಮೊದಲೇ ಛೆಟ್ರಿ ಫ್ರೀಕಿಕ್ ಹೊಡೆದದ್ದು, ಬ್ಲಾಸ್ಟರ್ಸ್ ಕೋಚ್ ತಂಡವನ್ನೇ ಹೊರಗೆ ಕರೆದೊಯ್ದದ್ದು ನೆನಪಿರಬೇಕು. ಫ್ರೀಕಿಕ್‌ಗೆ ಎದುರಾಳಿ 9.15 ಮೀಟರ್ ದೂರ ಸರಿಯಬೇಕೆಂದು ಕೇಳದಿದ್ದರೆ ಶಿಳ್ಳೆಗೆ ಕಾಯಬೇಕಾಗಿಲ್ಲ. ಹಾಗಾಗಿ ಫೌಲ್ ಆದ ತಕ್ಷಣ ಒಬ್ಬ ಚೆಂಡಿನ ಮುಂದೆ ನಿಲ್ಲಬೇಕು, ಉಳಿದವರು ಆಮೇಲೆ ಜಗಳವಾಡಲಿ. ಬ್ಲಾಸ್ಟರ್ಸ್‌ನವರು ಆವತ್ತು ಸಿದ್ಧವಾಗಿರಲಿಲ್ಲ.

ಪಂದ್ಯವನ್ನು ಹೀಗೆ ನೋಡುವ ಮನಸ್ಸಿದ್ದರೆ ಕಂಠೀರವದಲ್ಲಿ ಕೂರುವ ಜಾಗವೂ ಮುಖ್ಯ. ಅಥ್ಲೆಟಿಕ್ ಟ್ರ್ಯಾಕ್ ಅಡ್ಡ ಇರುವುದರಿಂದ ಕೆಳಗಿನ ಸಾಲುಗಳಲ್ಲಿ ಕೂತರೆ ಆಟಗಾರರ ನಡುವಿನ ಅಂತರ ಕಾಣುವುದಿಲ್ಲ, ಎಲ್ಲರೂ ಒಂದೇ ಗೆರೆಯಲ್ಲಿ ನಿಂತ ಹಾಗಿರುತ್ತದೆ. ಬಿಎಫ್‌ಸಿ ಅಭಿಮಾನಿಗಳ ಗುಂಪಾದ ವೆಸ್ಟ್ ಬ್ಲಾಕ್ ಬ್ಲೂಸ್ ಜೊತೆ ಕೂಗಲು ಹೋಗುವವರಿಗೆ ಅದು ಬೇಡ, ಅಲ್ಲಿ ಬೇರೆಯೇ ಕೆಲಸ. ಆಟ ಓದಬೇಕೆನ್ನುವವರು ಮಧ್ಯಗೆರೆಯ ನೇರಕ್ಕೆ, ಸಾಧ್ಯವಾದಷ್ಟು ಮೇಲೆ ಕೂರಲಿ. ಗೋಲ್ ಬಿದ್ದ ನಿಮಿಷ ಮೊಬೈಲಿನಲ್ಲಿ ಬರೆದಿಟ್ಟುಕೊಂಡು, ಮನೆಗೆ ಬಂದು ಪೂರ್ಣ ಪಂದ್ಯದ ರೀಪ್ಲೇ ತೆರೆಯಬೇಕು. ಹೈಲೈಟ್ಸ್ ಪ್ರಯೋಜನಕ್ಕಿಲ್ಲ, ಅದು ಶಾಟ್‌ಗೆ ನಾಲ್ಕು ಸೆಕೆಂಡ್ ಮೊದಲು ಶುರುವಾಗುತ್ತದೆ. ಗೋಲಿನಿಂದ ಹತ್ತು ಸೆಕೆಂಡ್ ಹಿಂದಕ್ಕೆ ಹೋಗಿ ನಿಲ್ಲಿಸಿ, ಚೆಂಡು ಯಾರ ಹತ್ತಿರ ಇದೆ, ಅವರಿಗೆ ಪಾಸ್ ಕೊಡಲು ಎಷ್ಟು ಜನ ಸಿಗುತ್ತಿದ್ದಾರೆ ಎಣಿಸಿ. ಇಬ್ಬರಿಗಿಂತ ಕಡಿಮೆ ಇದ್ದರೆ ತಪ್ಪು ಚೆಂಡು ಇದ್ದವನದಲ್ಲ. ಮತ್ತೆ ಎರಡೆರಡು ಸೆಕೆಂಡಿಗೆ ನಿಲ್ಲಿಸುತ್ತಾ ಬನ್ನಿ, ನಮ್ಮ ಕೊನೆಯ ಸಾಲು ಮತ್ತು ಮಿಡ್‌ಫೀಲ್ಡ್ ನಡುವಿನ ಅಂತರ ಹುಲ್ಲಿನ ಪಟ್ಟೆಗಳ ಅಳತೆಯಲ್ಲಿ ಹಿಗ್ಗುತ್ತಿದೆಯೋ ನೋಡಿ. ಪೆನಾಲ್ಟಿ ಬಾಕ್ಸ್ 16.5 ಮೀಟರ್ ಆಳ, ಅದನ್ನೇ ಅಳತೆಗೋಲು ಮಾಡಿಕೊಳ್ಳಬಹುದು. ಒಂದು ಗೋಲಿಗೆ ಐದು ನಿಮಿಷ ಸಾಕು.

ಒಂದು ಸೀಸನ್ ಪೂರ್ತಿ ಬಿಟ್ಟ ಗೋಲುಗಳನ್ನು ಹೀಗೆ ಬರೆದಿಟ್ಟರೆ ಕ್ಲಬ್ಬಿಗೆ ಕೇಳಬೇಕಾದ ಪ್ರಶ್ನೆಗಳೂ ಬೇರೆಯಾಗುತ್ತವೆ. ಯಾರನ್ನು ಕಿತ್ತು ಹಾಕುತ್ತೀರಿ ಎಂದು ಕೇಳುವ ಬದಲು, ಸೆಟ್‌ಪೀಸ್‌ಗೆ (ಕಾರ್ನರ್, ಫ್ರೀಕಿಕ್‌ನಂಥ ನಿಂತ ಚೆಂಡಿನ ಆಟ) ಪ್ರತ್ಯೇಕ ಕೋಚ್ ಇದ್ದಾರಾ, ವಾರದಲ್ಲಿ ಎಷ್ಟು ಹೊತ್ತು ಕಾರ್ನರ್ ತಡೆಯುವ ಅಭ್ಯಾಸ ಆಗುತ್ತದೆ, ಕಾರ್ನರ್ ಕಾಯಲು ಫಾರ್ವರ್ಡ್ ಎಲ್ಲಿ ನಿಲ್ಲುತ್ತಾರೆ, ಈ ಬೇಸಿಗೆ ಸೆಂಟರ್‌ಬ್ಯಾಕ್ ಜೋಡಿಯಲ್ಲಿ ಎಷ್ಟು ಜನ ಉಳಿಯುತ್ತಾರೆ ಎಂದು ಕೇಳಬೇಕು. ಮೊದಲೆರಡಕ್ಕೆ ಉತ್ತರ ಸಿಗದಿದ್ದರೂ ನಡೆದೀತು, ಅದು ಮೈದಾನದಲ್ಲೇ ಗೊತ್ತಾಗುತ್ತದೆ: ಎದುರಾಳಿಗೆ ಮೊದಲ ಕಾರ್ನರ್ ಸಿಕ್ಕಾಗ ನಮ್ಮವರು ಐದು ಸೆಕೆಂಡಿನೊಳಗೆ ತಂತಮ್ಮ ಜಾಗಕ್ಕೆ ಸೇರಿದರೆ ಅಭ್ಯಾಸ ಆಗಿದೆ. ಒಬ್ಬರಿಗೊಬ್ಬರು ಕೈ ತೋರಿಸುತ್ತಾ, ಕೂಗುತ್ತಾ, ತಿರುಗಿ ತಿರುಗಿ ಆಳು ಎಣಿಸುತ್ತಿದ್ದರೆ ಆಗಿಲ್ಲ.